ಹುಣಸೆ ಮರದಲ್ಲಿ ಎಷ್ಟು ಗೂಡು?

ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಆಫ್ರಿಕಾಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವೆ, ಕ್ರೋಜೆ ಅನ್ನೋ ಫ್ರೆಂಚ್ ದ್ವೀಪಗಳಿವೆ. ಅದರಲ್ಲೊಂದು ಈಲ್ ಓ ಕೊಶಾನ್, ಅಂದರೆ ಹಂದಿ ದ್ವೀಪ. 1982ರಲ್ಲಿ ಅಲ್ಲಿ ಸುಮಾರು 5 ಲಕ್ಷ ಜೋಡಿ ಕಿಂಗ್ ಪೆಂಗ್ವಿನ್‌ಗಳಿದ್ದವು. ಆ ಜಾತಿಗೆ ಜಗತ್ತಿನಲ್ಲೇ ಅತಿ ದೊಡ್ಡ ತಾಣ ಅದು. ಹೋಗೋದು ಕಷ್ಟ, ಖರ್ಚು ಜಾಸ್ತಿ, ಹಾಗಾಗಿ ವಿಜ್ಞಾನಿಗಳು ಮತ್ತೆ ಆ ಕಡೆ ಕಾಲಿಡಲಿಲ್ಲ. 35 ವರ್ಷದ ಮೇಲೆ ಉಪಗ್ರಹ ಚಿತ್ರಗಳನ್ನೂ ಹೆಲಿಕಾಪ್ಟರಿನಿಂದ ತೆಗೆದ ಫೋಟೋಗಳನ್ನೂ ಇಟ್ಟುಕೊಂಡು ಎಣಿಸಿದರೆ ಉಳಿದಿದ್ದು ಸುಮಾರು 60 ಸಾವಿರ ಜೋಡಿ. ನೂರಕ್ಕೆ 88 ಭಾಗ ಮಾಯ. ಹಳೇ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಕುಸಿತ 1990ರ ದಶಕದ ಕೊನೆಯಲ್ಲೇ ಶುರುವಾಗಿತ್ತು ಅಂತ ಗೊತ್ತಾಯಿತು. ಸುದ್ದಿ ಹೊರಬಂದಿದ್ದು 2018ರಲ್ಲಿ. ಲಕ್ಷಾಂತರ ದೊಡ್ಡ ಹಕ್ಕಿಗಳು ಇಲ್ಲವಾದವು, ಹತ್ತಿಪ್ಪತ್ತು ವರ್ಷ ಯಾರಿಗೂ ತಿಳಿಯಲಿಲ್ಲ.

ಅದೇ 2018ರಲ್ಲಿ ಉಲ್ಟಾ ಸುದ್ದಿಯೂ ಬಂತು. ಅಂಟಾರ್ಕ್ಟಿಕಾದ ತುದಿಯ ಡೇಂಜರ್ ದ್ವೀಪಗಳಲ್ಲಿ 7,51,527 ಜೋಡಿ ಅಡೆಲಿ ಪೆಂಗ್ವಿನ್‌ಗಳಿವೆ ಅನ್ನೋ ಲೆಕ್ಕ. ಅಷ್ಟಿವೆ ಅಂತ ಅಲ್ಲಿಯವರೆಗೆ ಯಾರೂ ಅಂದುಕೊಂಡಿರಲಿಲ್ಲ. ಸುಳಿವು ಸಿಕ್ಕಿದ್ದು ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಕಂಡ ಹಿಕ್ಕೆಯ ಕಲೆಯಿಂದ. ಹಕ್ಕಿ ಕಾಣಲ್ಲ, ಅದರ ಹಿಕ್ಕೆ ಬಾಹ್ಯಾಕಾಶದಿಂದ ಕಾಣುತ್ತೆ! ಆಮೇಲೆ ಹೋಗಿ ಡ್ರೋನ್ ಹಾರಿಸಿ ಎಣಿಸಿದರು.

ನಮ್ಮ ದೇಶದಲ್ಲೂ ಇಂಥ ಜಾಗ ಇದೆ. ಲಕ್ಷದ್ವೀಪದಲ್ಲಿ ಕವರಟ್ಟಿಯ ವಾಯವ್ಯಕ್ಕೆ ಪಿಟ್ಟಿ ಅನ್ನೋ ಮರಳುದಿಬ್ಬ. ಮರವಿಲ್ಲ, ಜನವಿಲ್ಲ, ಒಂದು ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು ಜಾಗ. ಟರ್ನ್ ಜಾತಿಯ ಕಡಲಹಕ್ಕಿಗಳು ಅಲ್ಲಿ ನೆಲದ ಮೇಲೇ ಮೊಟ್ಟೆ ಇಡ್ತವೆ. ಎ. ಓ. ಹ್ಯೂಮ್ 1875ರಲ್ಲಿ ಹೋಗಿ ನೋಡಿ ಬರೆದಿಟ್ಟಿದ್ದಾನೆ. ಕಾಂಗ್ರೆಸ್ ಸ್ಥಾಪಕ ಅಂತ ಹೈಸ್ಕೂಲಿನಲ್ಲಿ ಓದಿದ್ದೇವಲ್ಲ, ಅದೇ ಹ್ಯೂಮ್. ಹಕ್ಕಿಗಳ ಮಟ್ಟಿಗೆ ಅವನು ಅದಕ್ಕಿಂತ ದೊಡ್ಡ ಮನುಷ್ಯ.

ಸರಿ, ಚಿಕ್ಕಬಳ್ಳಾಪುರದಲ್ಲಿ ಕೂತು ಇದನ್ನೆಲ್ಲ ಯಾಕೆ ಓದಬೇಕು? ನಮ್ಮ ಜಿಲ್ಲೆಯಿಂದ ಸಮುದ್ರ ದೂರ, ಆದರೆ ಗೂಡುತಾಣ ದೂರ ಇಲ್ಲ. ಬೆಂಗಳೂರು–ಹೈದರಾಬಾದ್ ಹೈವೇಯಲ್ಲಿ ಬಾಗೇಪಲ್ಲಿ ದಾಟಿ ಆಂಧ್ರದ ಗಡಿಯೊಳಗೆ ಹೋದರೆ ಚಿಲಮತ್ತೂರು ಮಂಡಲ. ಅಲ್ಲಿನ ವೀರಾಪುರಂ ಅನ್ನೋ ಹಳ್ಳಿಗೆ ವರ್ಷದ ಆರಂಭದಲ್ಲಿ ಬಣ್ಣದ ಕೊಕ್ಕರೆಗಳು ಬರ್ತವೆ. ಊರೊಳಗಿನ ಹುಣಸೆ ಮರಗಳ ಮೇಲೆ, ಮನೆ ಮಾಡುಗಳ ನೆತ್ತಿಯಲ್ಲೇ ಗೂಡು. ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು, ಮರಿ ಹಾರೋಕೆ ಇನ್ನೆರಡು ತಿಂಗಳು. ಮಳೆಗಾಲ ಬಲಿಯುವಷ್ಟರಲ್ಲಿ ಜಾಗ ಖಾಲಿ. ಊರಿನವರು ಅವುಗಳಿಗೆ ತೊಂದರೆ ಕೊಡಲ್ಲ. ಹಕ್ಕಿ ಬಂದರೆ ಊರಿಗೆ ಒಳ್ಳೇದು ಅನ್ನೋ ನಂಬಿಕೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ನೀವು ಕೇಳಿರ್ತೀರಿ. ಅಲ್ಲಿ ಬಣ್ಣದ ಕೊಕ್ಕರೆ ಜೊತೆ ಹೆಜ್ಜಾರ್ಲೆಯೂ ಉಂಟು. ವೀರಾಪುರಂ ಅದರ ತಮ್ಮನಿದ್ದ ಹಾಗೆ, ನಮಗೆ ಅದಕ್ಕಿಂತ ಹತ್ತಿರ.

ಗೂಡು ಆಂಧ್ರದಲ್ಲಿದ್ದರೂ ಹಕ್ಕಿಗೆ ಗಡಿ ಗೊತ್ತಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟೋ ಚಿತ್ರಾವತಿ ಬಾಗೇಪಲ್ಲಿ ಮೇಲೆ, ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಆ ಕಡೆಗೇ ಹರಿಯೋದು. ಎರಡೂ ದಾರಿಯಲ್ಲಿ ಕೆರೆಗಳ ಸರಪಳಿ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿಂದ ನೋಡಿ ಹಿಡಿಯೋದಕ್ಕಿಂತ ಕೊಕ್ಕಿನಿಂದ ತಡಕಿ ಹಿಡಿಯೋದೇ ಹೆಚ್ಚು: ಅರ್ಧ ತೆರೆದ ಕೊಕ್ಕನ್ನು ನೀರಲ್ಲಿ ಅದ್ದಿ ನಡೀತಾ ಹೋಗುತ್ತೆ, ಮೀನು ತಾಗಿದ ತಕ್ಷಣ ಪಟ್ ಅಂತ ಮುಚ್ಚುತ್ತೆ. ಒಳ್ಳೇ ಟಚ್ ಸೆನ್ಸರ್. ಇದಕ್ಕೆ ಬೇಕಾಗಿರೋದು ಮಂಡಿಯುದ್ದದ ನೀರು, ಅದೂ ಹಕ್ಕಿಯ ಮಂಡಿ. ಕೆರೆ ಇಳಿಯುತ್ತಾ ಹೋದಂತೆ ಮೀನು ಒಂದೆಡೆ ಸೇರ್ತವೆ, ಅದೇ ಹೊತ್ತಿಗೆ ಗೂಡಲ್ಲಿ ಮರಿ ಹಸಿದು ಕೂಗ್ತಿರ್ತವೆ. ಈ ಟೈಮಿಂಗ್ ಮೇಲೆ ಇಡೀ ಸಂಸಾರ ನಿಂತಿದೆ.

ಈಗ ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ಯೋಜನೆಗಳು ಬಂದಿವೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಪೈಪಿನಲ್ಲಿ ಬಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆ ಮೊದಲ್ಗೊಂಡು ಹಲವು ಕೆರೆ ತುಂಬಿಸ್ತಿದೆ. ಚಿಂತಾಮಣಿಯ ಕೆಲವು ಕೆರೆಗಳಿಗೂ ಅದೇ ನೀರು. ರೈತರಿಗೆ ಬೋರ್‌ವೆಲ್ ಮತ್ತೆ ಜೀವ ಬಂದ ಸಂತೋಷ ಒಂದು ಕಡೆ, ಎರಡೇ ಹಂತ ಸಂಸ್ಕರಿಸಿದ ನೀರು ಸಾಕಾ ಅನ್ನೋ ಜಗಳ ಇನ್ನೊಂದು ಕಡೆ. ಕೊಕ್ಕರೆ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಬೇರೆ: ಬೇಸಿಗೆಯಲ್ಲಿ ಇಳಿಯಬೇಕಾದ ಕೆರೆ ತುಂಬೇ ಇದ್ದರೆ ಮಂಡಿಯುದ್ದದ ನೀರು ಎಲ್ಲಿ ಸಿಗುತ್ತೆ? ಅಥವಾ ಒಣಗಿ ಬಿರುಕು ಬಿಡ್ತಿದ್ದ ಕೆರೆಗಳಲ್ಲಿ ಈಗ ಏಪ್ರಿಲ್‌ನಲ್ಲೂ ಅಂಚಿನ ನೀರು ಇರೋದ್ರಿಂದ ಅನುಕೂಲವೇ ಆಗುತ್ತಾ? ವಾದ ಮಾಡಿ ತೀರಿಸೋ ವಿಷಯ ಅಲ್ಲ ಇದು. ವರ್ಷಾ ವರ್ಷ ಗೂಡಿನ ಲೆಕ್ಕ ಬೇಕು, ಜೊತೆಗೆ ಕೆರೆ ಮಟ್ಟದ ಲೆಕ್ಕ. ಎಣಿಸೋದು ಅಂದರೆ ಒಂದು ಭಾನುವಾರ ಹೋಗಿ ಬೆರಳು ಮಡಚೋದು ಅಂದುಕೊಂಡರೆ ಕೆಟ್ಟೆವು. ಯಾಕೆ ಅಂತ ನೋಡೋಣ. ಇಲ್ಲಿಂದ ಮುಂದೆ ಬರೋ ಉದಾಹರಣೆಗಳ ಸಂಖ್ಯೆಗಳು ಲೆಕ್ಕ ತೋರಿಸೋಕೆ ನಾನು ಇಟ್ಟುಕೊಂಡವು, ಯಾವ ಊರಿನದ್ದೂ ಅಲ್ಲ.

ಮೊದಲ ತೊಂದರೆ ಎಲೆ. ಹುಣಸೆ ಮರದ ಕೆಳಗೆ ನಿಂತು ನೀವು 30 ಗೂಡು ಎಣಿಸಿದಿರಿ. ನಿಮ್ಮ ಗೆಳತಿ, ನಿಮ್ಮ ಜೊತೆ ಮಾತಾಡದೆ, ತಾನೇ ಎಣಿಸಿದಳು: 28. ಇಬ್ಬರೂ ಮರದ ಚಿತ್ರ ಬರೆದು ಗೂಡುಗಳನ್ನ ಗುರುತು ಹಾಕಿದ್ದೀರಿ. ಹೋಲಿಸಿ ನೋಡಿದರೆ ಇಬ್ಬರೂ ಕಂಡಿದ್ದು 20. ಅಂದರೆ ಅವಳ 28ರಲ್ಲಿ ನಿಮ್ಮ ಕಣ್ಣಿಗೆ ಬಿದ್ದಿದ್ದು 20, ನಿಮ್ಮ ಕಣ್ಣಿನ ದಕ್ಷತೆ ಶೇ. 71. ಹಾಗಾದರೆ ನೀವು ಕಂಡ 30 ಅನ್ನೋದು ಒಟ್ಟಿನ ಶೇ. 71. ಒಟ್ಟು = 30 × 28 ÷ 20 = 42. ಇಬ್ಬರೂ ಸೇರಿ ಕಂಡಿದ್ದು 38, ಇಬ್ಬರಿಗೂ ಕಾಣದೆ ಉಳಿದಿದ್ದು 4. ಕಾಣದ ಗೂಡನ್ನೂ ಎಣಿಸಿಬಿಟ್ಟೆವು! ಇದಕ್ಕೆ ಲಿಂಕನ್–ಪೀಟರ್ಸನ್ ವಿಧಾನ ಅಂತಾರೆ. ಪೀಟರ್ಸನ್ ಡೆನ್ಮಾರ್ಕಿನ ಮೀನು ತಜ್ಞ, ಲಿಂಕನ್ ಅಮೆರಿಕದಲ್ಲಿ ಬಾತುಕೋಳಿ ಎಣಿಸಿದವನು.

ಇದರಲ್ಲಿ ಒಂದು ಕೊಕ್ಕೆ ಇದೆ. ಇಬ್ಬರ ಎಣಿಕೆಯೂ ಸ್ವತಂತ್ರ ಆಗಿರಬೇಕು, ಪ್ರಾಬಬಿಲಿಟಿ ಕ್ಲಾಸಿನ ಇಂಡಿಪೆಂಡೆಂಟ್ ಈವೆಂಟ್ಸ್ ನೆನಪಿಸಿಕೊಳ್ಳಿ. ಇಬ್ಬರೂ ಒಂದೇ ಜಾಗದಲ್ಲಿ ನಿಂತರೆ ನಿಮಗೆ ಮರೆಯಾದ ಗೂಡು ಅವಳಿಗೂ ಮರೆ. ಇಬ್ಬರಿಗೂ ಸುಲಭವಾಗಿ ಕಂಡ ಗೂಡುಗಳೇ ಪಟ್ಟಿ ತುಂಬುತ್ತವೆ, ಹೊಂದಾಣಿಕೆ ಜಾಸ್ತಿ ಕಾಣುತ್ತೆ, ಉತ್ತರ ಕಡಿಮೆ ಬರುತ್ತೆ. ‘ಇಬ್ಬರ ಲೆಕ್ಕವೂ ಒಂದೇ ಬಂತು, ಸರಿಯಾಗಿದೆ’ ಅಂತ ಖುಷಿಪಡೋ ಅಭ್ಯಾಸ ನಮ್ಮ ಲ್ಯಾಬ್‌ಗಳಲ್ಲಿ ಇದೆಯಲ್ಲ, ಇಲ್ಲಿ ಅದು ಅನುಮಾನ ಪಡಬೇಕಾದ ಲಕ್ಷಣ. ಹಳ್ಳಿಯ ಮಧ್ಯದ ಗೂಡುತಾಣದಲ್ಲಿ ಒಂದು ಅನುಕೂಲ ಅಂದರೆ ತಾರಸಿಗಳು. ಒಬ್ಬರು ನೆಲದಿಂದ, ಇನ್ನೊಬ್ಬರು ಮನೆಯವರನ್ನು ಕೇಳಿ ಮೇಲಿಂದ. ಪಿಟ್ಟಿಯ ಮರಳಿನ ಮೇಲೆ ಈ ಸೌಲಭ್ಯ ಇಲ್ಲ.

ಎರಡನೇ ತೊಂದರೆ ಕಾಲದ್ದು, ಇದೇ ನನ್ನ ಪ್ರಕಾರ ದೊಡ್ಡದು. ಎಲ್ಲ ಜೋಡಿಗಳೂ ಒಂದೇ ದಿನ ಗೂಡು ಕಟ್ಟಲ್ಲ. ಕೆಲವು ಜನವರಿಯಲ್ಲಿ, ಕೆಲವು ಮಾರ್ಚಿನಲ್ಲಿ. ತಿಂಗಳಿಗೊಮ್ಮೆ ಹೋಗಿ ಹಕ್ಕಿ ಕೂತಿರೋ ಗೂಡು ಎಣಿಸಿದಿರಿ ಅಂತಿಟ್ಟುಕೊಳ್ಳಿ: 20, 60, 100, 80, 40, 10. ವರದಿಯಲ್ಲಿ ಏನು ಬರೀತೀರಿ? ಸಾಮಾನ್ಯವಾಗಿ ಬರೆಯೋದು ಗರಿಷ್ಠ ಸಂಖ್ಯೆ, ‘ಈ ವರ್ಷ 100 ಗೂಡು’. ಇದು ಬಸ್ ಸ್ಟ್ಯಾಂಡಿನಲ್ಲಿ ಒಂದು ಫೋಟೋ ತೆಗೆದು ಇವತ್ತು ಇಷ್ಟು ಜನ ಪ್ರಯಾಣ ಮಾಡಿದರು ಅಂದ ಹಾಗೆ.

ಕ್ಯೂಯಿಂಗ್ ಥಿಯರಿ ಓದಿದವರಿಗೆ ಲಿಟಲ್ಸ್ ಲಾ ಗೊತ್ತು: ಒಳಗಿರೋರ ಸರಾಸರಿ ಸಂಖ್ಯೆ = ಬರೋ ದರ × ಒಬ್ಬರು ಒಳಗಿರೋ ಸರಾಸರಿ ಸಮಯ. ಅದನ್ನೇ ಇಲ್ಲಿ ಹಾಕಿ. ಆರು ಎಣಿಕೆಗಳ ಮೊತ್ತ 310, ಪ್ರತಿಯೊಂದು 30 ದಿನಕ್ಕೆ ಪ್ರತಿನಿಧಿ, ಒಟ್ಟು 9,300 ಗೂಡು-ದಿನ. ಪ್ರತಿ ಗೂಡೂ ಯಶಸ್ವಿಯಾಗಿ 90 ದಿನ ನಡೆದಿದ್ದರೆ ಶುರುವಾದ ಗೂಡುಗಳು 9,300 ÷ 90, ಸುಮಾರು 103. ಮರಿ ಹಾರಿದ ಗೂಡೂ 103.

ಈಗ ಇನ್ನೊಂದು ಕಥೆ. ಅದೇ ಆರು ಸಂಖ್ಯೆಗಳು, ಆದರೆ ಅರ್ಧದಷ್ಟು ಗೂಡು ಸರಾಸರಿ 30 ದಿನಕ್ಕೇ ಹಾಳಾಗ್ತಿವೆ: ಗಾಳಿಗೆ ಬಿತ್ತು, ಕಾಗೆ ಮೊಟ್ಟೆ ಕದ್ದಿತು, ಮೀನು ಸಿಗದೆ ಮರಿ ಸತ್ತಿತು. ಆಗ ಸರಾಸರಿ ಆಯಸ್ಸು 60 ದಿನ. ಶುರುವಾದ ಗೂಡು 9,300 ÷ 60 = 155. ಅದರಲ್ಲಿ ಮರಿ ಹಾರಿದ್ದು ಅರ್ಧ, ಸುಮಾರು 77. ನೋಡಿದಿರಾ? ನೋಟ್‌ಬುಕ್ಕಿನಲ್ಲಿ ಬರೆದ ಸಂಖ್ಯೆ ಒಂದಿಷ್ಟೂ ಬದಲಾಗಿಲ್ಲ. ಒಂದು ಊರು ಚೆನ್ನಾಗಿದೆ, ಇನ್ನೊಂದು ಊರಲ್ಲಿ ಕಾಲು ಭಾಗ ಫಸಲು ಹೋಗಿದೆ. ‘100 ಗೂಡು’ ಅನ್ನೋ ವರದಿ ಎರಡಕ್ಕೂ ಒಂದೇ. ಹತ್ತು ವರ್ಷ ಹೀಗೇ ‘100, 100, 100’ ಅಂತ ಬರೀತಾ ಹೋಗಿ, ಮುದಿ ಹಕ್ಕಿಗಳು ಸತ್ತ ಮೇಲೆ ಒಮ್ಮೆಲೇ ಮರ ಖಾಲಿಯಾದಾಗ ಎಲ್ಲರೂ ಬೆಚ್ಚಿಬೀಳ್ತಾರೆ. ಬಣ್ಣದ ಕೊಕ್ಕರೆಯಂಥ ದೀರ್ಘಾಯುಷಿ ಹಕ್ಕಿಗಳಲ್ಲಿ ಈ ಅಪಾಯ ಜಾಸ್ತಿ, ದೊಡ್ಡವು ವರ್ಷ ವರ್ಷ ಬರ್ತಾನೇ ಇರ್ತವೆ, ಮರಿ ಉಳಿಯದಿದ್ದರೂ.

ಹಾಗಾಗಿ ಗೂಡು ಎಷ್ಟು ಅನ್ನೋದಕ್ಕಿಂತ ಗೂಡಿನ ಆಯಸ್ಸು ಎಷ್ಟು ಅನ್ನೋದು ಮುಖ್ಯ. ಇಲ್ಲೂ ಒಂದು ಗುಂಡಿ ಇದೆ. 25 ಗೂಡನ್ನು ಗುರುತಿಟ್ಟು ಹಿಂಬಾಲಿಸಿದಿರಿ, 10 ಹಾಳಾದವು, 15 ಗೆದ್ದವು. ಯಶಸ್ಸು ಶೇ. 60 ಅಂತ ಬರೆದರೆ ತಪ್ಪು. ನೀವು ಹೋಗೋ ಮೊದಲೇ ಹಾಳಾಗಿ ಬಿದ್ದ ಗೂಡುಗಳು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಫೈನಲ್ ಇಯರ್ ಕ್ಲಾಸಿಗೆ ಬಂದು ‘ಈ ಬ್ಯಾಚಲ್ಲಿ ಯಾರೂ ಕಾಲೇಜು ಬಿಟ್ಟಿಲ್ಲ’ ಅಂದ ಹಾಗಾಯ್ತು.

ಇದನ್ನ ಬಿಡಿಸಿದವನು ಅಮೆರಿಕದ ಹೆರಾಲ್ಡ್ ಮೇಫೀಲ್ಡ್, 1961ರಲ್ಲಿ. ವೃತ್ತಿಯಿಂದ ಪಕ್ಷಿವಿಜ್ಞಾನಿ ಅಲ್ಲ, ಹವ್ಯಾಸಿ. ತಮಾಷೆ ಅಂದರೆ ಜಾನ್ ಲಿಟಲ್ ತನ್ನ ನಿಯಮದ ಸಾಧನೆ ಪ್ರಕಟಿಸಿದ್ದೂ 1961ರಲ್ಲೇ. ಮೇಫೀಲ್ಡ್ ಹೇಳಿದ್ದು ಇಷ್ಟೇ: ಗೂಡು ಎಣಿಸಬೇಡ, ಗೂಡು ನಿನ್ನ ಕಣ್ಣ ಮುಂದೆ ಇದ್ದ ದಿನಗಳನ್ನು ಎಣಿಸು. ನಮ್ಮ 25 ಗೂಡುಗಳು ಒಟ್ಟು 1,000 ಗೂಡು-ದಿನ ನಿಗಾದಲ್ಲಿದ್ದವು, ಅಷ್ಟರಲ್ಲಿ 10 ಹಾಳಾದವು ಅಂದರೆ ಒಂದು ದಿನ ಉಳಿಯೋ ಸಂಭವ 1 − 10/1,000 = 0.99. ಕೇಳೋಕೆ ಚೆನ್ನಾಗಿದೆ. ಆದರೆ 90 ದಿನ ಉಳಿಯಬೇಕಲ್ಲ. 0.99ನ್ನು 90 ಸಲ ಗುಣಿಸಿದರೆ ಸುಮಾರು 0.40. ಶೇ. 60 ಅಂದುಕೊಂಡಿದ್ದು ಶೇ. 40 ಆಯ್ತು.

ರಿಲಯಬಿಲಿಟಿ ಓದಿದವರು ಇಷ್ಟೊತ್ತಿಗೆ ಹಿಡಿದಿರ್ತೀರಿ. 1,000 ಗೂಡು-ದಿನಕ್ಕೆ 10 ವೈಫಲ್ಯ, ಅಂದರೆ ಎರಡು ವೈಫಲ್ಯದ ನಡುವಿನ ಸರಾಸರಿ ಸಮಯ 100 ದಿನ. ಬೇರಿಂಗಿಗೆ, ಎಲ್‌ಇಡಿ ಬಲ್ಬಿಗೆ ಹಾಕೋ ಅದೇ ಎಕ್ಸ್‌ಪೊನೆನ್ಷಿಯಲ್ ಸೂತ್ರ. ಅದರ ದೌರ್ಬಲ್ಯವೂ ಅದೇ: ವೈಫಲ್ಯದ ದರ ಎಲ್ಲ ದಿನವೂ ಒಂದೇ ಅಂತ ಊಹೆ. ಗೂಡಿನಲ್ಲಿ ಹಾಗಿರಲ್ಲ. ಕಾವಿನ ತಿಂಗಳಲ್ಲಿ ಕಾಗೆ ಕಾಟ, ಮರಿ ದೊಡ್ಡದಾದಾಗ ಹಸಿವು ಮತ್ತು ಕೊಂಬೆಯಿಂದ ಬೀಳೋದು. ಹಾಗಾಗಿ ಕಾವಿನ ಕಾಲಕ್ಕೆ ಒಂದು ದರ, ಮರಿಗಳ ಕಾಲಕ್ಕೆ ಇನ್ನೊಂದು ದರ ಬೇರೆ ಬೇರೆ ಹಾಕಿ ಗುಣಿಸೋದು ಒಳ್ಳೇದು.

ಇಷ್ಟೆಲ್ಲ ಯಾಕೆ, ಡ್ರೋನ್ ಹಾರಿಸಿದರೆ ಆಯ್ತಲ್ಲ ಅಂತ ರೋಬೋಟಿಕ್ಸ್ ಕ್ಲಬ್‌ನವರು ಕೇಳೇ ಕೇಳ್ತಾರೆ. ಡೇಂಜರ್ ದ್ವೀಪದಲ್ಲಿ ಹಾರಿಸಿದ್ದು ಬಯಲಲ್ಲಿ ಕೂತ ಪೆಂಗ್ವಿನ್ ಮೇಲೆ. ಹುಣಸೆ ಮರದ ಮೇಲೆ ಹತ್ತಿರ ಹಾರಿಸಿದರೆ ಕೊಕ್ಕರೆ ಎದ್ದು ಹೋಗುತ್ತೆ. ಏಪ್ರಿಲ್ ಬಿಸಿಲಲ್ಲಿ ತಾಯಿ–ತಂದೆ ರೆಕ್ಕೆ ಚಾಚಿ ಮರಿಗೆ ನೆರಳು ಮಾಡಿ ನಿಂತಿರ್ತವೆ. ಅವು ಏಳೋದೇ ತಡ, ಕಾಗೆ ಒಂದು ಕಡೆ, ಸುಡು ಬಿಸಿಲು ಇನ್ನೊಂದು ಕಡೆ. ಅಳೆಯೋ ಉಪಕರಣವೇ ಅಳತೆಯನ್ನ ಕೆಡಿಸಿದ ಹಾಗೆ, ವೋಲ್ಟ್‌ಮೀಟರ್ ಸರ್ಕ್ಯೂಟನ್ನು ಲೋಡ್ ಮಾಡೋ ತರಹ. ಇದಲ್ಲದೆ 2021ರ ಡ್ರೋನ್ ನಿಯಮಗಳಿವೆ, ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಎಲ್ಲಕ್ಕಿಂತ ಮೊದಲು ಊರವರ ಒಪ್ಪಿಗೆ ಬೇಕು. ಅವರ ಮನೆ ಅಂಗಳದ ಮೇಲೆ ಕ್ಯಾಮೆರಾ ಹಾರಿಸೋಕೆ ನಾವ್ಯಾರು? ತಾರಸಿ ಮೇಲೆ ಒಂದೇ ಜಾಗದಲ್ಲಿ ಟ್ರೈಪಾಡ್ ಇಟ್ಟು ವಾರಕ್ಕೊಮ್ಮೆ ಒಂದೇ ಫ್ರೇಮಿನ ಫೋಟೋ ತೆಗೆದರೆ ಕೆಲಸ ಮುಗೀತು. ಗೂಡು ಗುರುತಿಸೋ ಪ್ರೋಗ್ರಾಂ ಬರೆಯೋ ಆಸೆ ಇದ್ದವರಿಗೆ ಆ ಫೋಟೋಗಳೇ ಬೇಕಾದಷ್ಟು.

ಫೋಟೋ ಹೇಳದ್ದನ್ನ ಊರು ಹೇಳುತ್ತೆ. 2017ರ ಕೊನೆ, 2018ರ ಆರಂಭದಲ್ಲಿ ಕೊಕ್ಕರೆ ಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆ ಮಾಡಿದಾಗ ಕಂಡಿದ್ದು ಹೊಟ್ಟೆಯೊಳಗಿನ ದುಂಡುಹುಳು. ಇದು ಗೊತ್ತಾಗೋಕೆ 35 ವರ್ಷ ಬೇಕಾಗಲಿಲ್ಲ, ಉಪಗ್ರಹವೂ ಬೇಕಾಗಲಿಲ್ಲ. ಹಿತ್ತಲಲ್ಲಿ ಹಕ್ಕಿ ಬಿದ್ದರೆ ಬೆಳಿಗ್ಗೆ ಕಸ ಗುಡಿಸೋರಿಗೆ ಕಂಡೇ ಕಾಣುತ್ತೆ. ಆ ಊರಿಗೆ ಈ ಸಂಬಂಧ ಹಳೇದು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ 1976ರಲ್ಲಿ ಅಲ್ಲಿಯ ಹೆಜ್ಜಾರ್ಲೆಗಳ ಬಗ್ಗೆ ಹೊರಗಿನವರಿಗೆ ತಿಳಿಸೋ ಎಷ್ಟೋ ಮೊದಲಿಂದ ಊರವರು ಮರದಡಿ ಬಿದ್ದ ಹಿಕ್ಕೆಯನ್ನು ಕೆರೆ ಮಣ್ಣಿನ ಜೊತೆ ಸೇರಿಸಿ ಹೊಲಕ್ಕೆ ಗೊಬ್ಬರ ಮಾಡ್ತಿದ್ದರು. ಆಮೇಲೆ ಮರದ ಮಾಲೀಕರಿಗೆ ಸರ್ಕಾರದಿಂದ ಪರಿಹಾರ, ಬಿದ್ದ ಮರಿ ಸಾಕೋಕೆ ಹೆಜ್ಜಾರ್ಲೆ ಬಳಗ, 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅನ್ನೋ ಘೋಷಣೆ. ಪರಿಹಾರದ ವಿಷಯ ಸಣ್ಣದಲ್ಲ. ಗೂಡಿರೋ ಹುಣಸೆ ಮರದಲ್ಲಿ ಹಣ್ಣು ಉದುರಿಸೋಕಾಗಲ್ಲ. ಕಾಯೋ ಮನೆಯವರಿಗೆ ಅದು ಆ ವರ್ಷದ ಆದಾಯ ಹೋದ ಹಾಗೆ. ಯಾವ ಮರದಲ್ಲಿ ಎಷ್ಟು ಗೂಡು, ಎಷ್ಟು ದಿನ ಇದ್ದವು ಅನ್ನೋ ಪಟ್ಟಿ ಇದ್ದರೆ ಆ ಮಾತನ್ನು ಇಲಾಖೆ ಮುಂದೆ ಗಟ್ಟಿಯಾಗಿ ಆಡಬಹುದು. ನಮ್ಮ ಎಣಿಕೆಯಿಂದ ಊರಿಗೆ ಏನಾದರೂ ಸಿಗೋದಾದರೆ ಅದು ಇದೇ.

ಪ್ರತಿ ಜನವರಿ ನಡೆಯೋ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್‌ನಲ್ಲಿ ನಮ್ಮ ಕ್ಯಾಂಪಸ್ಸಿನ ಕೆಲವರು ಕೆರೆ ಹಕ್ಕಿ ಎಣಿಸಿರಬಹುದು. ಒಳ್ಳೇ ಕೆಲಸ, ಆದರೆ ಅದು ಕೆರೆಯ ಎಣಿಕೆ. ಊರೊಳಗಿನ ಮರದ ಮೇಲೆ ಮಾರ್ಚಿನಲ್ಲಿ ಏನಾಯ್ತು ಅನ್ನೋದು ಅದರಲ್ಲಿ ಸಿಗಲ್ಲ. ಎರಡನ್ನೂ ಜೋಡಿಸಬೇಕು: ವೀರಾಪುರಂನಲ್ಲಿ ಗೂಡು, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಕೆರೆಗಳಲ್ಲಿ ಮೇಯೋ ಕೊಕ್ಕರೆ. ರಜೆಗೆ ಊರಿಗೆ ಹೋದವರು ತಮ್ಮ ಕೆರೆ ಅಂಚಿನಲ್ಲಿ ಸೆಂಟಿಮೀಟರ್ ಗುರುತು ಹಾಕಿದ ಒಂದು ಕೋಲು ನೆಟ್ಟು, ವಾರಕ್ಕೊಮ್ಮೆ ನೀರಿನ ಮಟ್ಟ ಮತ್ತು ಕಂಡ ಕೊಕ್ಕರೆಗಳ ಸಂಖ್ಯೆ ಬರೆದರೆ ಸಾಕು. ಸೊನ್ನೆ ಬಂದರೆ ಸೊನ್ನೆಯನ್ನೂ ಬರೀಬೇಕು, ಖಾಲಿ ಬಿಡಬಾರದು.

ಗೂಡಿನ ಪಟ್ಟಿಗೆ ಕಾಲಂ ಜಾಸ್ತಿ ಬೇಡ. ಮರದ ನಂಬರ್, ಗೂಡಿನ ನಂಬರ್, ತಾರೀಖು, ನೋಡಿದ ಜಾಗ, ಆಮೇಲೆ ಸ್ಥಿತಿ: ಹಕ್ಕಿ ಮಲಗಿದಂತೆ ಕೂತಿದೆ, ಅಂದರೆ ಕಾವು, ನಿಂತಿದೆ, ಕೆಳಗೆ ಬಿಳಿ ತುಪ್ಪುಳದ ಮರಿ, ದೊಡ್ಡ ಮರಿ ಮಾತ್ರ, ಖಾಲಿ. ಎಲೆ ಅಡ್ಡ ಇದ್ದು ಏನೂ ಕಾಣದಿದ್ದರೆ ‘ಕಾಣಲಿಲ್ಲ’ ಅಂತ ಬರೀರಿ, ‘ಖಾಲಿ’ ಅಂತ ಅಲ್ಲ. ಮರದಡಿಯ ಬಿಳಿ ಹಿಕ್ಕೆ ಹಿಂದಿನ ವಾರಕ್ಕಿಂತ ಹೆಚ್ಚಾಗಿದೆಯಾ ಅಂತಲೂ ಒಂದು ಮಾತು. ಮರಿ ಬೆಳೆದಷ್ಟೂ ಅದು ಹೆಚ್ಚುತ್ತೆ, ಲ್ಯಾಂಡ್‌ಸ್ಯಾಟ್ ನೋಡಿದ್ದೂ ಅದನ್ನೇ ಅಲ್ವಾ. ಬಾಗೇಪಲ್ಲಿ, ಚಿಂತಾಮಣಿ ಕಡೆಯಿಂದ ಬಂದ, ಮನೆಯಲ್ಲಿ ತೆಲುಗು ಮಾತಾಡೋ ಗೆಳೆಯರು ತಂಡದಲ್ಲಿ ಇರಲೇಬೇಕು. ಮೊದಲ ಹಕ್ಕಿ ಯಾವತ್ತು ಬಂತು, ಹೋದ ವರ್ಷ ಯಾವ ಮರ ಬಿತ್ತು, ಯಾವ ಗೂಡಿಂದ ಮರಿ ಕೆಳಗೆ ಬಿತ್ತು ಅನ್ನೋದು ಜಗುಲಿ ಮೇಲೆ ಕೂತ ಅವ್ವನವರಿಗೆ ಗೊತ್ತಿರುತ್ತೆ, ಅವರ ಭಾಷೆಯಲ್ಲೇ ಕೇಳಬೇಕು.

ಮೊದಲ ಭೇಟಿ ಡಿಸೆಂಬರ್ ಕೊನೆಯಲ್ಲಿ, ಹಕ್ಕಿ ಬರೋ ಮುಂಚೆ. ಆಗ ಹಳೇ ಗೂಡುಗಳ ಕಡ್ಡಿ ಮಾತ್ರ ಇರುತ್ತೆ. ಮರದ ಮಾಲೀಕರನ್ನು ಕೇಳಿ ಬೊಡ್ಡೆಗೆ ಸುಣ್ಣದಲ್ಲಿ ನಂಬರ್ ಬರೀರಿ. ಮೊಳೆ ಹೊಡೆಯೋದು ಬೇಡ.